ಸಣ್ಣ ಅಂಗಡಿ ನಡೆಸೋದು ಹೇಗೆ: ಹಾಸನದ ಒಂದು ಬೇಕರಿ ಕೌಂಟರಿನಿಂದ

ಬೆಳಿಗ್ಗೆ ಆರೂವರೆಗೆ ಮೊದಲ ಗಿರಾಕಿ ಬಂದು ಎರಡು ಬನ್ ಕೇಳಿ 500ರ ನೋಟು ಕೊಡುತ್ತಾರೆ. ಗಲ್ಲಾದಲ್ಲಿ ಚಿಲ್ಲರೆ ಇಲ್ಲ. ಆಗ ನಿಮ್ಮ ಮುಖ ಹೇಗಿರುತ್ತದೆ? ಗಂಟು ಹಾಕಿಕೊಂಡಿರುತ್ತದೆ, ಅಲ್ವಾ? "ಬೆಳ್‌ಬೆಳಿಗ್ಗೆ ಇದನ್ನ ತಂದ್ರೆ ಎಲ್ಲಿಂದ ಕೊಡ್ಲಿ" ಅಂತ ಒಂದು ಮಾತೂ ಬಂದುಬಿಡುತ್ತದೆ. ಪಾಪ, ಅವರೇನು ಮಾಡಿದರು? ಹಿಂದಿನ ರಾತ್ರಿ ಚಿಲ್ಲರೆ ಎತ್ತಿಡದೆ ಮನೆಗೆ ಓಡಿದ್ದು ನಾವು.

ಹಾಸನದಲ್ಲಿ ಚಿಕ್ಕದೊಂದು ಬೇಕರಿ ಇಟ್ಟು ನನಗೆ ಹನ್ನೊಂದು ವರ್ಷವಾಯಿತು. ಗಿರಾಕಿಗಳ ಜೊತೆ ಹೇಗಿರಬೇಕು, ಹುರುಪು ಹೇಗೆ ಉಳಿಸಿಕೊಳ್ಳಬೇಕು ಅಂತ ಹೇಳುವ ವಿಡಿಯೋಗಳನ್ನು ನಾನೂ ರಾಶಿ ನೋಡಿದ್ದೇನೆ. ಎಲ್ಲರೂ ನಗುನಗುತ್ತಾ ಮಾತಾಡಿ ಅನ್ನುತ್ತಾರೆ. ಸರಿ ಸ್ವಾಮಿ, ಆದರೆ ನಾಲ್ಕು ಗಂಟೆಗೆ ಎದ್ದು ಭಟ್ಟಿ ಮುಂದೆ ಬೆಂದವನಿಗೆ ಆ ನಗು ಎಲ್ಲಿಂದ ಬರಬೇಕು ಅಂತ ಯಾರೂ ಹೇಳುವುದಿಲ್ಲ. ನನಗೆ ಅರ್ಥವಾದದ್ದು ಇಷ್ಟೇ. ಕೌಂಟರಿನಲ್ಲಿ ನಾವು ಸಿಡುಕುವುದು ಸ್ವಭಾವ ಕೆಟ್ಟದ್ದಾಗಿ ಅಂತೇನಲ್ಲ, ಹೆಚ್ಚಿನ ಸಲ ಏನೋ ಒಂದು ತಯಾರಾಗಿರುವುದಿಲ್ಲ, ಅದಕ್ಕೆ. ಚಿಲ್ಲರೆ ಇರಲ್ಲ, ಕವರ್ ಮುಗಿದಿರುತ್ತದೆ, ಆರ್ಡರ್ ಮರೆತಿರುತ್ತೇವೆ. ಹಾಗಾಗಿ ನಾನು ಇಲ್ಲಿ ಹೇಳುವುದರಲ್ಲಿ ಬಹಳಷ್ಟು ಗಿರಾಕಿ ಬರುವ ಮುಂಚಿನ ಕೆಲಸವೇ. ಬೇಕರಿ ಲೆಕ್ಕದಲ್ಲಿ ಹೇಳುತ್ತೇನೆ. ನಿಮ್ಮದು ಟೈಲರ್ ಅಂಗಡಿಯೋ, ದಿನಸಿಯೋ, ಮೊಬೈಲ್ ರಿಪೇರಿಯೋ, ನಿಮಗೆ ತಕ್ಕ ಹಾಗೆ ಹೊಂದಿಸಿಕೊಳ್ಳಿ.

ಇನ್ನೊಂದು ಮಾತು. ಹಾಸನದಲ್ಲಿ ಬೇಕರಿ ಇಡುವುದು ಸ್ವಲ್ಪ ಧೈರ್ಯದ ಕೆಲಸವೇ. ಬೆಂಗಳೂರಿನ ಗಲ್ಲಿ ಗಲ್ಲಿಯಲ್ಲಿರುವ ಅಯ್ಯಂಗಾರ್ ಬೇಕರಿಗಳ ಬೇರು ಇರುವುದು ನಮ್ಮ ಜಿಲ್ಲೆಯಲ್ಲಿ. 1898ರಲ್ಲಿ ಚಿಕ್ಕಪೇಟೆಯಲ್ಲಿ ಬಿ.ಬಿ. ಬೇಕರಿ ಶುರು ಮಾಡಿದವರೂ ಈ ಕಡೆಯಿಂದ ಹೋದ ಅಣ್ಣತಮ್ಮಂದಿರೇ. ಇಲ್ಲಿ ಬರುವ ಗಿರಾಕಿಗಳಲ್ಲಿ ಒಬ್ಬರ ಭಾವ ಎಲ್ಲೋ ಬೇಕರಿ ಇಟ್ಟಿರುತ್ತಾರೆ, ಇನ್ನೊಬ್ಬರ ಚಿಕ್ಕಪ್ಪ ಭಟ್ಟಿ ಕೆಲಸ ಮಾಡಿರುತ್ತಾರೆ. ಖಾರ ಬನ್ ಮುರಿದ ಕೂಡಲೇ "ಇದು ನಿನ್ನೇದು" ಅಂತ ಹೇಳುವ ಜನ.

ರಾತ್ರಿಯ ಹದಿನೈದು ನಿಮಿಷ

ಅಂಗಡಿ ಮುಚ್ಚುವ ಹೊತ್ತಿಗೆ ಕಾಲು ಸೋತಿರುತ್ತದೆ. ಶಟರ್ ಎಳೆದು ಬೀಗ ಹಾಕಿದರೆ ಸಾಕು ಅನ್ನಿಸುತ್ತದೆ. ಅದಕ್ಕೇ ಶಟರ್ ಅರ್ಧ ಇಳಿಸಿ ಈ ಕೆಲಸ ಮಾಡಿ. ಪೂರ್ತಿ ತೆಗೆದಿದ್ದರೆ ಗಿರಾಕಿ ಬರುತ್ತಲೇ ಇರುತ್ತಾರೆ, ಪೂರ್ತಿ ಇಳಿಸಿದರೆ ನಿಮ್ಮ ಕಾಲು ತಾನೇ ಮನೆ ಕಡೆ ನಡೆಯುತ್ತದೆ. (ಅರ್ಧ ಶಟರ್ ಕೆಳಗೆ ಬಗ್ಗಿ ಯಾರಾದರೂ "ಅಣ್ಣಾ, ಮಗೂಗೆ ಒಂದ್ ಬ್ರೆಡ್ ಇದ್ಯಾ" ಅಂದರೆ ಕೊಡಿ. ಅವರು ಅದನ್ನು ವರ್ಷಗಟ್ಟಲೆ ನೆನಪಿಟ್ಟುಕೊಳ್ಳುತ್ತಾರೆ.)

ಒಂದು ನೋಟ್‌ಬುಕ್ ಇಡಿ. ಅದರಲ್ಲಿ ದಿನಾ ಮೂರು ವಿಷಯ ಬರೆಯಿರಿ. ಇವತ್ತು ಏನು ಉಳಿಯಿತು, ಎಷ್ಟು. ಇವತ್ತು ಯಾರು ಏನು ಕೇಳಿ ಇಲ್ಲ ಅನ್ನಿಸಿಕೊಂಡು ಹೋದರು. ನಾಳೆಗೆ ಯಾರ ಆರ್ಡರ್ ಇದೆ, ಎಷ್ಟು ಗಂಟೆಗೆ. ಮೊಬೈಲಿನಲ್ಲೂ ಬರೆಯಬಹುದು, ಆದರೆ ನನ್ನ ಅನುಭವದಲ್ಲಿ ಮೊಬೈಲ್ ತೆಗೆದರೆ ನೋಟ್ಸ್ ತೆಗೆಯುವ ಮುಂಚೆ ಬೇರೆ ಏನೋ ನೋಡಿಕೊಂಡು ಇಪ್ಪತ್ತು ನಿಮಿಷ ಹೋಗಿರುತ್ತದೆ. ಮೇಲಾಗಿ ಪುಸ್ತಕ ಕೌಂಟರಿನ ಮೇಲಿದ್ದರೆ ಕೆಲಸದವರೂ ಬರೆಯುತ್ತಾರೆ.

ಎರಡನೆಯ ಸಾಲನ್ನು ಬಹಳ ಜನ ಬರೆಯುವುದಿಲ್ಲ. ಅದೇ ಮುಖ್ಯ. ಮಾರಿದ್ದು ಗಲ್ಲಾದಲ್ಲಿ ಕಾಣಿಸುತ್ತದೆ, ಉಳಿದದ್ದು ಗಾಜಿನ ಹಿಂದೆ ಕಾಣಿಸುತ್ತದೆ, ಇಲ್ಲ ಅಂತ ವಾಪಸ್ ಹೋದವರು ಮಾತ್ರ ಎಲ್ಲೂ ಕಾಣಿಸುವುದಿಲ್ಲ. ನಾನು ಇದನ್ನು ಬರೆಯಲು ಶುರು ಮಾಡಿದ ಮೇಲೆ ಗೊತ್ತಾಯಿತು, ಸಕ್ಕರೆ ಇಲ್ಲದ ರಸ್ಕ್ ಕೇಳುವವರು ವಾರಕ್ಕೆ ಎಂಟು ಹತ್ತು ಜನ ಇದ್ದಾರೆ ಅಂತ. ಅಷ್ಟು ವರ್ಷ "ಇಲ್ಲ, ಇಲ್ಲ" ಅಂತ ಕೈ ಆಡಿಸುತ್ತಲೇ ಇದ್ದೆ.

ಬರೆದಾದ ಮೇಲೆ ಕೈಗೆ ಕೆಲಸ. ನಾಳೆಗೆ ಹತ್ತು, ಇಪ್ಪತ್ತರ ನೋಟು ಮತ್ತು ನಾಣ್ಯ ಬೇರೆ ಡಬ್ಬಿಯಲ್ಲಿಡಿ. ಯುಪಿಐ ಸೌಂಡ್‌ಬಾಕ್ಸ್ ಚಾರ್ಜಿಗೆ ಹಾಕಿ. ಕವರ್, ದಾರ, ಕೇಕ್ ಡಬ್ಬ ಎಷ್ಟಿದೆ ನೋಡಿ. ಇಕ್ಕಳ ತೊಳೆದು ಬೋರಲು ಹಾಕಿ. ಗಾಜು ಒರೆಸಿ. ಅಷ್ಟೇ, ಹೋಗಿ ಮಲಗಿ.

ಉಳಿದ ಬನ್ನಿನ ಲೆಕ್ಕ

ಲೆಕ್ಕಕ್ಕೆ ಅಂತ ಒಂದು ಪಲ್ಯ ಬನ್ನಿಗೆ ನಿಮಗೆ 10 ರೂಪಾಯಿ ಖರ್ಚು, ಮಾರುವುದು 15ಕ್ಕೆ ಅಂದುಕೊಳ್ಳಿ. ಒಂದು ಮಾರಿದರೆ 5 ರೂಪಾಯಿ ಬಂತು. ಒಂದು ಉಳಿದು ಬಿಸಾಡಿದರೆ 10 ರೂಪಾಯಿ ಹೋಯಿತು. ಅಂದರೆ ಒಂದು ಉಳಿದ ಬನ್ನು ಎರಡು ಮಾರಿದ ಬನ್ನಿನ ಲಾಭ ತಿಂದುಹಾಕುತ್ತದೆ. 100 ಮಾಡಿ 80 ಮಾರಿದಿರಾ? 80ರಿಂದ 400 ಬಂತು, 20ರಿಂದ 200 ಹೋಯಿತು, ಕೈಯಲ್ಲಿ ಉಳಿದದ್ದು 200. ಅದೇ 70 ಮಾಡಿ 70ನ್ನೂ ಮಾರಿದ್ದರೆ 350. ಕಮ್ಮಿ ಕೆಲಸ, ಜಾಸ್ತಿ ದುಡ್ಡು. ಶುರುವಿನಲ್ಲಿ ಗಾಜು ತುಂಬಿ ಕಾಣಲಿ ಅಂತ ಮಾಡಿ ಮಾಡಿ ಇಟ್ಟು, ತಿಂಗಳ ಕೊನೆಗೆ ದುಡ್ಡೆಲ್ಲಿ ಹೋಯಿತು ಅಂತ ತಲೆ ಕೆರೆದುಕೊಂಡವನು ನಾನು.

ಹಾಗಂತ ಸಂಜೆ ಐದಕ್ಕೇ ಎಲ್ಲ ಖಾಲಿಯಾದರೆ ಗಿರಾಕಿ ಪಕ್ಕದ ಬೇಕರಿಗೆ ಹೋಗಿ ಅಲ್ಲೇ ಅಭ್ಯಾಸ ಮಾಡಿಕೊಳ್ಳುತ್ತಾರೆ. ಅದಕ್ಕೆ ಎರಡು ಪಾಳಿ ಮಾಡಿ. ಬೆಳಿಗ್ಗೆ ಒಂದು, ಸ್ಕೂಲು ಬಿಡುವ ಮುಂಚೆ ಮೂರೂವರೆಗೆ ಸಣ್ಣದೊಂದು. ಎಷ್ಟು ಅನ್ನುವುದನ್ನು ಪುಸ್ತಕ ಹೇಳುತ್ತದೆ. ಸೋಮವಾರದ ಲೆಕ್ಕ ಬೇರೆ, ಭಾನುವಾರದ್ದು ಬೇರೆ, ಮಳೆ ಹಿಡಿದ ಸಂಜೆಯದ್ದು ಬೇರೆ. ಮಳೆಯಲ್ಲಿ ಜನ ಬರಲ್ಲ ಅಂತ ಸುಮ್ನೆ ಅಂದುಕೊಂಡಿದ್ದೆ. ಬರೆದು ನೋಡಿದರೆ ಬ್ರೆಡ್ ಕಮ್ಮಿಯಾಗುತ್ತದೆ, ಬಿಸಿ ಪಫ್ಸ್ ಜಾಸ್ತಿ ಹೋಗುತ್ತದೆ.

ಚಳಿಗಾಲದ್ದೂ ಒಂದು ಪಾಠ. ಡಿಸೆಂಬರ್, ಜನವರಿಯಲ್ಲಿ ನಮ್ಮ ಊರಿನ ಚಳಿಗೆ ಈಸ್ಟ್ ನಿಧಾನವಾಗಿ ಕೆಲಸ ಮಾಡುತ್ತದೆ, ಹಿಟ್ಟು ಉಬ್ಬುವುದೇ ಇಲ್ಲ. ಮೊದಲ ವರ್ಷ ಗಿರಾಕಿಗಳಿಗೆ "ಚಳಿ ನೋಡಿ, ಹಿಟ್ಟು ಬಂದಿಲ್ಲ" ಅಂತ ಹೇಳುತ್ತಿದ್ದೆ. ಅವರಿಗೆ ಅದು ಯಾಕೆ ಬೇಕು? ಈಗ ಉಗುರುಬೆಚ್ಚಗಿನ ನೀರು ಹಾಕಿ, ಒಂದು ಗಂಟೆ ಮುಂಚೆ ಕಲಸುತ್ತೇವೆ. ಬ್ರೆಡ್ಡಿನದ್ದು ಇನ್ನೊಂದು ಕಥೆ. ಆರುವ ಮುಂಚೆ ಸ್ಲೈಸ್ ಮಾಡಿದರೆ ಒಳಗೆ ಮುದ್ದೆಯಾಗುತ್ತದೆ, ಕವರಿನೊಳಗೆ ಬೆವರಿ ಬೇಗ ಬೂಸ್ಟು ಹಿಡಿಯುತ್ತದೆ. ಅವಸರದ ಗಿರಾಕಿಗೆ ಬಿಸಿ ಬ್ರೆಡ್ಡನ್ನು ಹಾಗೇ ಇಡಿಯಾಗಿ ಕೊಟ್ಟು, ಮನೆಗೆ ಹೋಗಿ ಆರಿದ ಮೇಲೆ ಕೊಯ್ಯಿರಿ ಅಂತ ಹೇಳಿ.

ಕೌಂಟರಿನ ಈಚೆ, ಆಚೆ

ಗಿರಾಕಿ ಬಂದಾಗ ಮೊದಲು ತಲೆ ಎತ್ತಿ ನೋಡಿ. ಕೈಯಲ್ಲಿ ಕೆಲಸ ಇರಲಿ ಪರವಾಗಿಲ್ಲ. ಮೂವರು ನಿಂತಿದ್ದರೆ ಮೂರನೆಯವರಿಗೂ "ಬನ್ನಿ ಅಕ್ಕಾ, ಒಂದ್ನಿಮಿಷ" ಅನ್ನಿ. ತಾನು ಬಂದದ್ದು ಅಂಗಡಿಯವನಿಗೆ ಗೊತ್ತಾಗಿದೆ ಅಂದರೆ ಜನ ಐದು ನಿಮಿಷ ಆರಾಮಾಗಿ ಕಾಯುತ್ತಾರೆ. ಗೊತ್ತಾಗಿಲ್ಲ ಅಂದರೆ ಒಂದೇ ನಿಮಿಷಕ್ಕೆ ನಾಣ್ಯದಲ್ಲಿ ಗಾಜು ಕುಟ್ಟಲು ಶುರು ಮಾಡುತ್ತಾರೆ.

ಮೊದಲು ಬಂದವರಿಗೆ ಮೊದಲು. ಇದು ಹೇಳಲು ಸುಲಭ. ದುದ್ದದಿಂದಲೋ ಶಾಂತಿಗ್ರಾಮದಿಂದಲೋ ಬಂದು, ಬಸ್ಸಿಗೆ ಮುಂಚೆ ಮೊಮ್ಮಕ್ಕಳಿಗೆ ಏನಾದರೂ ಕಟ್ಟಿಸಿಕೊಂಡು ಹೋಗೋಣ ಅಂತ ನಿಂತ ಅಜ್ಜಿ ಗಟ್ಟಿಯಾಗಿ ಕೂಗುವುದಿಲ್ಲ. ಬೈಕ್ ಆಫ್ ಮಾಡದೆ "ಬಾಸ್, ಎರಡು ಎಗ್ ಪಫ್ಸ್" ಅನ್ನುವವನು ಕೂಗುತ್ತಾನೆ. ನಮ್ಮ ಕೈ ತಾನಾಗಿ ಕೂಗಿದವನ ಕಡೆ ಹೋಗುತ್ತದೆ. ಅದನ್ನು ತಡೆಯುವುದು ಅಭ್ಯಾಸದಿಂದ ಮಾತ್ರ ಬರುತ್ತದೆ. ಹತ್ತು ರೂಪಾಯಿ ಹಿಡಿದು ಬಂದ ಸ್ಕೂಲು ಮಕ್ಕಳದ್ದೂ ಇದೇ ಕಥೆ. ದೊಡ್ಡವರು ಬಂದ ಕೂಡಲೇ ಮಕ್ಕಳು ಕಾಣಿಸುವುದೇ ಇಲ್ಲ ನಮಗೆ. ಇನ್ನು ಮಾತು. ಎಲ್ಲರಿಗೂ "ನೀವು". ಗಾರೆ ಕೆಲಸದ ಬಟ್ಟೆಯಲ್ಲಿ ಬಂದವರಿಗೂ, ಕಾರಿನಿಂದ ಇಳಿದವರಿಗೂ.

"ಫ್ರೆಶ್ಶಾ?" ಅಂತ ಕೇಳಿದರೆ ಎಲ್ಲ ಅಂಗಡಿಯವರೂ ಹೌದು ಅನ್ನುತ್ತಾರೆ. ನಾನೂ ಅನ್ನುತ್ತಿದ್ದೆ. ಆಮೇಲೆ ಒಂದು ಸ್ಲೇಟು ತಂದು ತೂಗುಹಾಕಿದೆ. ಬನ್ನು ಬೆಳಿಗ್ಗೆ 6, ಪಫ್ಸ್ 11, ಎರಡನೇ ಪಾಳಿ 3.30 ಅಂತ ಸೀಮೆಸುಣ್ಣದಲ್ಲಿ ಬರೆಯುತ್ತೇವೆ. ಕೇಳುವವರೂ ಕಮ್ಮಿಯಾದರು, ಸುಳ್ಳು ಹೇಳುವ ಕಷ್ಟವೂ ತಪ್ಪಿತು. ಅಂದಹಾಗೆ, ಬಿಡಿಯಾಗಿ ಮಾರುವ ಸಿಹಿತಿಂಡಿಯ ಟ್ರೇ ಮುಂದೆ ಎಷ್ಟು ದಿನದೊಳಗೆ ತಿನ್ನಬೇಕು ಅಂತ ಬರೆದಿಡಬೇಕು ಅನ್ನುವ ನಿಯಮ 2020ರ ಅಕ್ಟೋಬರ್ 1ರಿಂದಲೇ ಇದೆ. ಸ್ವೀಟ್ ಇಟ್ಟಿದ್ದರೆ ಅದನ್ನೂ ಬರೆಯಿರಿ. ನಿನ್ನೆಯದು ಉಳಿದಿದ್ದರೆ ನಿನ್ನೆಯದು ಅಂತಲೇ ಹೇಳಿ, ಬೆಲೆ ಇಳಿಸಿ ಕೊಡಿ. ಪಲ್ಯ ಇರುವುದನ್ನು ಮಾತ್ರ ಯಾವ ಬೆಲೆಗೂ ಕೊಡಬೇಡಿ. ಹೊಸ ಆಲೂಗಡ್ಡೆ ಬರುವ ಕಾಲದಲ್ಲಂತೂ ಪಲ್ಯದಲ್ಲಿ ನೀರು ಜಾಸ್ತಿ, ಸಂಜೆಗೇ ವಾಸನೆ ಬರುತ್ತದೆ.

"ಮೊಟ್ಟೆ ಹಾಕಿದ್ದಾ?" ಅಂತ ಕೇಳಿದರೆ ಅಂದಾಜಿನಲ್ಲಿ ಉತ್ತರ ಕೊಡಬೇಡಿ. ಗೊತ್ತಿಲ್ಲದಿದ್ದರೆ ಒಳಗೆ ಕೇಳಿ ಬಂದು ಹೇಳಿ. ಮೊಟ್ಟೆ ಇರುವುದಕ್ಕೆ ಬೇರೆ ಟ್ರೇ, ಬೇರೆ ಇಕ್ಕಳ. ಗಿರಾಕಿ ಕಣ್ಣು ನಿಮ್ಮ ಇಕ್ಕಳದ ಮೇಲೇ ಇರುತ್ತದೆ.

ತಪ್ಪಾದಾಗ

ಆರು ವರ್ಷದ ಕೆಳಗೆ ಒಬ್ಬರು ಫೋನಿನಲ್ಲಿ ಮಗನ ಹುಟ್ಟುಹಬ್ಬಕ್ಕೆ ಒಂದು ಕೆ.ಜಿ. ಕೇಕ್ ಹೇಳಿದರು. ಹೆಸರು ತನ್ಮಯ್. ನಾನು ಭಟ್ಟಿ ಹತ್ತಿರ ನಿಂತು, ಮಿಕ್ಸರ್ ಸದ್ದಿನಲ್ಲಿ ಕೇಳಿಸಿಕೊಂಡೆ. ಸಂಜೆ ಡಬ್ಬ ತೆಗೆದರೆ ಚಿನ್ಮಯ್ ಅಂತ ಚೆಂದವಾಗಿ ಬರೆದಿದೆ. ಮನೆಯಲ್ಲಿ ನೆಂಟರು ಕಾಯುತ್ತಿದ್ದಾರೆ. ನಾನೇನು ಮಾಡಬೇಕಿತ್ತು? ತಪ್ಪಾಯಿತು ಅಂತ ಹೇಳಿ, ಮೇಲಿನ ಕ್ರೀಮ್ ಕೆರೆದು ಬೇರೆ ಹೆಸರು ಬರೆಯಬೇಕಿತ್ತು. ನಾಲ್ಕು ನಿಮಿಷದ ಕೆಲಸ. ಅದು ಬಿಟ್ಟು "ಫೋನಲ್ಲಿ ಹಾಗೇ ಕೇಳಿಸ್ತು ಸಾರ್, ನೀವು ಸ್ವಲ್ಪ ಬಿಡಿಸಿ ಹೇಳ್ಬೇಕಿತ್ತು" ಅಂದುಬಿಟ್ಟೆ. ಅವರು ಒಂದು ಮಾತೂ ಆಡಲಿಲ್ಲ. ದುಡ್ಡು ಕೊಟ್ಟು, ಅದೇ ಕೇಕ್ ತೆಗೆದುಕೊಂಡು ಹೋದರು. ಜಗಳ ಆಡಿದ್ದರೆ ನನಗೆ ಎಷ್ಟೋ ಸಮಾಧಾನ ಆಗುತ್ತಿತ್ತು. ಆ ಮನೆಯವರು ಆಮೇಲೆ ನಮ್ಮ ಅಂಗಡಿ ಮುಂದೆಯೇ ನಡೆದು ಹೋಗಿ ಬೇರೆ ಕಡೆ ಬ್ರೆಡ್ ತರುತ್ತಿದ್ದರು.

ಅಂದಿನಿಂದ ಇರುವ ಪದ್ಧತಿ ಇದು. ಕೇಕ್ ಮೇಲಿನ ಹೆಸರನ್ನು ಗಿರಾಕಿಯೇ ಚೀಟಿಯಲ್ಲಿ ಬರೆದುಕೊಡಬೇಕು, ಇಲ್ಲವಾದರೆ ವಾಟ್ಸಾಪ್ ಮಾಡಬೇಕು. ಫೋನಿನಲ್ಲಿ ಹೇಳಿದ್ದನ್ನು ನಾವು ತಿರುಗಿ ಓದಿ ಹೇಳುತ್ತೇವೆ. ಕೊಡುವಾಗ ಡಬ್ಬ ತೆಗೆದು ತೋರಿಸುತ್ತೇವೆ.

ಇಷ್ಟಾದರೂ ತಪ್ಪು ಆಗುತ್ತದೆ. ಆದಾಗ ಒಂದು ಸಲ "ತಪ್ಪು ನಮ್ದೇ" ಅನ್ನಿ, ಕಾರಣ ಹೇಳಬೇಡಿ. ಈಗ ಏನು ಮಾಡಿದರೆ ಅವರ ಕೆಲಸ ಆಗುತ್ತದೆ ಅಂತ ಕೇಳಿ. ಅದನ್ನು ಮಾಡಿ. ದುಡ್ಡಿನ ಮಾತು ಕೊನೆಗೆ. ಗಿರಾಕಿ ಮುಂದೆ ಕೆಲಸದ ಹುಡುಗನಿಗೆ ಬೈಯಬೇಡಿ, ಅವರನ್ನು ಸಮಾಧಾನ ಮಾಡಲಿಕ್ಕೆ ಅಂತ ನೀವು ಬೈಯುತ್ತೀರಿ, ಆದರೆ ನೋಡುತ್ತಾ ನಿಂತ ಅವರಿಗೇ ಮುಜುಗರವಾಗಿ ಇನ್ನೊಮ್ಮೆ ಏನಾದರೂ ಸರಿಯಿಲ್ಲದಿದ್ದರೂ ಹೇಳದೆ ಹೋಗುತ್ತಾರೆ.

ಕೆಲಸದವರು

ನಮ್ಮಲ್ಲಿ ಮೂವರಿದ್ದಾರೆ. ಅವರಿಗೆ ಹುರುಪು ತುಂಬುವುದು ಹೇಗೆ ಅಂತ ಯಾರಾದರೂ ಕೇಳಿದರೆ ನಾನು ಹೇಳುವುದು ಮೊದಲು ಸಂಬಳದ ತಾರೀಕು. 1ನೇ ತಾರೀಕು ಅಂದರೆ 1ನೇ ತಾರೀಕು. "ನಾಳೆ ನೋಡೋಣ" ಅಂತ ಎರಡು ತಿಂಗಳು ಹೇಳಿ, ಮೂರನೇ ತಿಂಗಳು ನೀವು ಬೆನ್ನು ತಟ್ಟಿದರೂ ಪ್ರಯೋಜನವಿಲ್ಲ. ವಾರಕ್ಕೊಂದು ರಜೆ, ಬಿಸಿ ಊಟ, ಹಬ್ಬಕ್ಕೆ ಕೈಗೆ ಸ್ವಲ್ಪ ಜಾಸ್ತಿ.

ಆಮೇಲೆ ಬರುವುದು ನಂಬಿಕೆ. ನಮ್ಮ ಹುಡುಗರಿಗೆ ಒಂದು ಅಧಿಕಾರ ಕೊಟ್ಟಿದ್ದೇನೆ. 50 ರೂಪಾಯಿವರೆಗಿನ ಏನಾದರೂ ಸರಿಯಿಲ್ಲ ಅಂತ ಗಿರಾಕಿ ತಂದರೆ ನನ್ನನ್ನು ಕೇಳದೆ ಬದಲಿಸಿ ಕೊಡಬಹುದು, ಪುಸ್ತಕದಲ್ಲಿ ಬರೆದರೆ ಸಾಕು. ಕೈಬಿಚ್ಚಿ ಕೊಡುತ್ತಾರೇನೋ ಅಂತ ಹೆದರಿದ್ದೆ. ಉಲ್ಟಾ, ನನಗಿಂತ ಬಿಗಿಯಾಗಿದ್ದಾರೆ. "ಅಣ್ಣಾ, ಇವ್ರು ಅರ್ಧ ತಿಂದು ತಂದವ್ರೆ" ಅಂತ ನಂಗೇ ವರದಿ ಕೊಡುತ್ತಾರೆ. ಹೊಗಳುವಾಗ "ಚೆನ್ನಾಗಿ ಮಾಡ್ತಿದ್ದೀಯ" ಅನ್ನುವುದಕ್ಕಿಂತ "ಇವತ್ತು ಆ ಅಜ್ಜಿಗೆ ಚೀಲ ಎತ್ತಿಕೊಟ್ಯಲ್ಲ, ನೋಡ್ದೆ" ಅನ್ನಿ. ನೀವು ನೋಡುತ್ತಿದ್ದೀರಿ ಅಂತ ಗೊತ್ತಾಗಬೇಕು, ಒಳ್ಳೆಯದನ್ನೂ.

ಸಾಲ, ಯುಪಿಐ

"ಇಂದು ನಗದು ನಾಳೆ ಸಾಲ" ಅನ್ನುವ ಬೋರ್ಡು ನಾನು ಹಾಕಿಲ್ಲ. ಇಬ್ಬರು ಕೊಡದೆ ಹೋದದ್ದಕ್ಕೆ ಇನ್ನೂರು ಜನರಿಗೆ ಯಾಕೆ ಹೇಳಬೇಕು? ಗೊತ್ತಿರುವ ಮನೆಗೆ ಮಾತ್ರ, 500 ದಾಟುವಂತಿಲ್ಲ, ಅವರ ಸಂಬಳದ ವಾರದಲ್ಲಿ ತೀರಬೇಕು. ಕೇಳುವಾಗ ಬೇರೆ ಗಿರಾಕಿಗಳ ಮುಂದೆ ಕೇಳಬೇಡಿ, ಅಷ್ಟೇ.

2025ರ ಜುಲೈನಲ್ಲಿ ಯುಪಿಐ ವಹಿವಾಟು ನೋಡಿ ಸಣ್ಣ ಅಂಗಡಿಯವರಿಗೆ ವಾಣಿಜ್ಯ ತೆರಿಗೆ ಇಲಾಖೆ ನೋಟಿಸ್ ಕಳಿಸಿದ್ದು ನೆನಪಿರಬೇಕು. ಬಹಳ ಜನ ಕ್ಯೂಆರ್ ಕೋಡ್ ಕಿತ್ತು "ಓನ್ಲಿ ಕ್ಯಾಶ್" ಅಂತ ಬರೆದು ಅಂಟಿಸಿದರು. ನಾನು ತೆಗೆಯಲಿಲ್ಲ. ಸಾಲಗಾಮೆ ರಸ್ತೆ ಕಡೆಯ ಕಾಲೇಜು ಹುಡುಗರ ಜೇಬಿನಲ್ಲಿ ಫೋನ್ ಬಿಟ್ಟು ಏನೂ ಇರಲ್ಲ, ಅವರನ್ನು ಎಲ್ಲಿಗೆ ಕಳಿಸಲಿ? ವರ್ಷದ ವಹಿವಾಟು ಸರಕು ಮಾರುವವರಿಗೆ 40 ಲಕ್ಷ, ಸೇವೆ ಕೊಡುವವರಿಗೆ 20 ಲಕ್ಷ ದಾಟಿದರೆ ಜಿಎಸ್‌ಟಿ ನೋಂದಣಿ ಬೇಕು. ಅದು ವಹಿವಾಟಿನ ಲೆಕ್ಕ, ಲಾಭದ್ದಲ್ಲ. ಇದನ್ನು ಕೇಳಿ ಬೆಚ್ಚಿಬಿದ್ದವರು ಎಷ್ಟೋ ಜನ. ದಿನಾ ಮಾರಿದ್ದು, ಮೈದಾ ಸಕ್ಕರೆ ತಂದ ಬಿಲ್ಲು, ಮನೆಯವರ ವೈಯಕ್ತಿಕ ದುಡ್ಡು ಬೇರೆ ಖಾತೆ, ಇಷ್ಟಿದ್ದರೆ ಯಾರೇ ಕೇಳಿದರೂ ತೋರಿಸಬಹುದು. ಉಳಿದದ್ದನ್ನು ಲೆಕ್ಕದವರ ಹತ್ತಿರ ಕೇಳಿ.

ಹಾಸನಾಂಬೆಯ ದಿನಗಳು

ಆಶ್ವಯುಜ ಮಾಸದಲ್ಲಿ ವರ್ಷಕ್ಕೊಮ್ಮೆ ಹಾಸನಾಂಬೆ ಬಾಗಿಲು ತೆಗೆದಾಗ ನಮ್ಮ ಊರು ನಮ್ಮದಾಗಿ ಉಳಿಯುವುದಿಲ್ಲ. 2025ರಲ್ಲಿ ಅಕ್ಟೋಬರ್ 9ಕ್ಕೆ ತೆಗೆದರು, ಲಕ್ಷಗಟ್ಟಲೆ ಜನ ಬಂದರು. ಅಮ್ಮನಿಗೆ ಇಟ್ಟ ನೈವೇದ್ಯ ವರ್ಷವಾದರೂ ಹಳಸುವುದಿಲ್ಲ, ದೀಪ ಆರುವುದಿಲ್ಲ ಅಂತ ನಂಬಿಕೆ. ನಮ್ಮ ಬನ್ನಿಗೆ ಆ ವರ ಇಲ್ಲವಲ್ಲ, ಆದ್ದರಿಂದ ಆ ದಿನಗಳಲ್ಲಿ ಐಟಂ ಕಮ್ಮಿ ಮಾಡಿ. ಬನ್ನು, ಬ್ರೆಡ್, ರಸ್ಕ್, ಖಾರ ಬಿಸ್ಕತ್ತು, ನೀರಿನ ಬಾಟಲಿ. ಕ್ರೀಮ್ ಕೇಕಿಗೆ ಆ ವಾರ ಇಲ್ಲ ಅಂದುಬಿಡಿ. ಸಾಲಿನಲ್ಲಿ ನಿಂತು ಬಂದವರಿಗೆ ಕೈಯಲ್ಲಿ ಹಿಡಿದು ತಿನ್ನುವಂಥದ್ದು ಸಾಕು. ಅವರು ಕೇಳುವ ಪ್ರಶ್ನೆಗಳೂ ಒಂದೇ: ಬಸ್‌ಸ್ಟ್ಯಾಂಡ್ ಎಲ್ಲಿ, ಶೌಚಾಲಯ ಎಲ್ಲಿ, ಬೇಲೂರು ಬಸ್ ಎಷ್ಟು ಹೊತ್ತಿಗೆ. ದಪ್ಪ ಅಕ್ಷರದಲ್ಲಿ ಬರೆದು ಅಂಟಿಸಿ. ಕುಡಿಯಲು ಒಂದು ಕ್ಯಾನ್ ನೀರು ಹೊರಗಿಡಿ. ಬಾಟಲಿ ಮಾರಾಟ ಅದರಿಂದ ಕಮ್ಮಿಯಾಗುವುದಿಲ್ಲ, ಮಾಡಿ ನೋಡಿದ್ದೇನೆ.

ಆ ಗದ್ದಲದಲ್ಲಿ ನಾವು ಮರೆಯುವುದು ದಿನಾ ಬರುವವರನ್ನು. ಮೊದಲೆರಡು ವರ್ಷ ಹಾಗೇ ಆಯಿತು, ಪಕ್ಕದ ಬೀದಿಯ ಮೇಷ್ಟ್ರು ಸಂಜೆ ಬಂದು ಬ್ರೆಡ್ ಇಲ್ಲದೆ ವಾಪಸ್ ಹೋದರು. ಈಗ ಆ ದಿನಗಳಲ್ಲಿ ದಿನದ ಗಿರಾಕಿಗಳ ಬ್ರೆಡ್ಡಿಗೆ ಹೆಸರು ಬರೆದು ಒಳಗಿನ ಶೆಲ್ಫಿನಲ್ಲಿ ಇಡುತ್ತೇವೆ. ಬಾಗಿಲು ಹಾಕಿದ ಮೇಲೆ ಉಳಿದ ಐವತ್ತು ವಾರ ಅಂಗಡಿ ನಡೆಸುವುದು ಅವರೇ.

ಮನಸ್ಸಿಲ್ಲದ ದಿನ

ಬರುತ್ತದೆ. ಜುಲೈ ತಿಂಗಳ ಜಡಿಮಳೆಯಲ್ಲಿ, ಎದುರಿಗೆ ಹೊಸ ಕೆಫೆ ಲೈಟು ಹಾಕಿಕೊಂಡು ಕೂತಾಗ, ನಮ್ಮ ಅಂಗಡಿ ನಮಗೇ ಹಳೆಯ ಪಾತ್ರೆಯ ಹಾಗೆ ಕಾಣುತ್ತದೆ. ಅಂಥ ದಿನ ನಾನು ದೊಡ್ಡದೇನೂ ಯೋಚಿಸುವುದಿಲ್ಲ. ಒಂದು ಗಾಜು ಒರೆಸುತ್ತೇನೆ. ಆಮೇಲೆ ಇನ್ನೊಂದು. ಅಷ್ಟರಲ್ಲಿ ಯಾರೋ ಬರುತ್ತಾರೆ. ವಾರಕ್ಕೊಂದು ಮಧ್ಯಾಹ್ನ ಎರಡರಿಂದ ಮೂರೂವರೆಗೆ ಅಂಗಡಿ ಹುಡುಗರಿಗೆ ಬಿಟ್ಟು ಮನೆಗೆ ಹೋಗಿ ಮಲಗುತ್ತೇನೆ, ಇದನ್ನು ಕಲಿಯಲು ನನಗೆ ಎಂಟು ವರ್ಷ ಬೇಕಾಯಿತು. ನಿದ್ದೆ ಇಲ್ಲದವನು ಯಾವ ವಿಡಿಯೋ ನೋಡಿದರೂ ಅಷ್ಟೇ. ಸಪ್ಲೈಯರ್‌ಗಳ ಫೋನು, ವಾಟ್ಸಾಪ್ ಎಲ್ಲ ಹನ್ನೊಂದೂವರೆಗೆ ಒಮ್ಮೆ, ರಾತ್ರಿ ಎಂಟಕ್ಕೆ ಒಮ್ಮೆ. ಮಧ್ಯೆ ಆರ್ಡರ್ ಕರೆ ಮಾತ್ರ, ಅದನ್ನೂ ಮಿಕ್ಸರ್‌ನಿಂದ ದೂರ ಬಂದು.

ನೋಟ್‌ಬುಕ್ ಯಾವುದಾದರೂ ಆಗುತ್ತದೆ. ನನ್ನದು ಮಕ್ಕಳ ಇನ್ನೂರು ಪುಟದ್ದು, ಮೈದಾ ಅಂಟಿ ರಟ್ಟು ಬೆಳ್ಳಗಾಗಿದೆ. ನಿನ್ನೆ ರಾತ್ರಿಯದ್ದು ಹೀಗಿದೆ: ಖಾರ ಬನ್ 4 ಉಳಿದಿದೆ, ದಿಲ್‌ಪಸಂದ್ ಇಲ್ಲ. ರಾಗಿ ಬಿಸ್ಕತ್ತು ಕೇಳಿದವರು 3. ಹತ್ತರ ನೋಟು ಕಮ್ಮಿ ಇದೆ, ಬೆಳಿಗ್ಗೆ ಹಾಲಿನವರ ಹತ್ತಿರ ತರಬೇಕು. ತನ್ಮಯ್ ಮನೆ, 1 ಕೆ.ಜಿ. ಪೈನಾಪಲ್, ಮೊಟ್ಟೆ ಇಲ್ಲದ್ದು, ಸಂಜೆ 6, ಹೆಸರಿನ ಚೀಟಿ ಅವರೇ ಬರೆದದ್ದು, ಪಿನ್ ಮಾಡಿದೆ.